ಅಡುಗೆಮನೆಯಿಂದ ಗ್ರಾಂ ಪಲೇವರೆಗೆ: ಶಾರ್ಡಾನನ ಚಿತ್ರಗಳನ್ನು ಒಟ್ಟಿಗೆ ನೋಡುವುದು

ಎಲ್ಲರಿಗೂ ನಮಸ್ಕಾರ. ಇವತ್ತಿನ ಮಾತು ಒಂದು ಕಲಾಪ್ರದರ್ಶನದ ಸುತ್ತ. 1979ರ ಜನವರಿ ಕೊನೆಯಿಂದ ಏಪ್ರಿಲ್ ಕೊನೆಯವರೆಗೆ ಅದು ಪ್ಯಾರಿಸ್ಸಿನ ಗ್ರಾಂ ಪಲೇ ಎಂಬ ಪ್ರದರ್ಶನ ಭವನದಲ್ಲಿ ನಡೆಯಿತು. ಅದೇ ವರ್ಷ ಅಮೆರಿಕದ ಕ್ಲೀವ್‌ಲ್ಯಾಂಡಿಗೆ ಹೋಯಿತು, ಆಮೇಲೆ ಬಾಸ್ಟನ್ನಿಗೆ. ಚಿತ್ರಕಾರನ ಹೆಸರು ಜ್ಯಾಂ ಸಿಮೆಯೋಂ ಶಾರ್ಡಾನ್. 1699ರಲ್ಲಿ ಪ್ಯಾರಿಸ್ಸಿನಲ್ಲಿ ಹುಟ್ಟಿ, 1779ರಲ್ಲಿ ಪ್ಯಾರಿಸ್ಸಿನಲ್ಲೇ ತೀರಿಕೊಂಡವನು. ಆ ಊರು ಬಿಟ್ಟು ಅವನು ಹೆಚ್ಚು ದೂರ ಹೋದದ್ದೂ ಇಲ್ಲ. ಅವನು ಸತ್ತು ಇನ್ನೂರು ವರ್ಷವಾದ ಹೊತ್ತಿಗೆ, ಬೇರೆ ಬೇರೆ ದೇಶಗಳ ಮ್ಯೂಸಿಯಂಗಳಲ್ಲೂ ಖಾಸಗಿ ಮನೆಗಳಲ್ಲೂ ಚದುರಿಹೋಗಿದ್ದ ನೂರಕ್ಕೂ ಹೆಚ್ಚು ಕೃತಿಗಳು ಒಂದೇ ಸೂರಿನ ಕೆಳಗೆ ಬಂದವು. ತಂದವರು ಪಿಯೆರ್ ರೋಸೆನ್‌ಬೆರ್ಗ್. ಮುಂದೆ ಲೂವ್ರ್ ಮ್ಯೂಸಿಯಂನ ಮುಖ್ಯಸ್ಥರಾದ ವಿದ್ವಾಂಸರು ಅವರೇ.

ಇಪ್ಪತ್ತು ವರ್ಷದ ಮೇಲೆ, ಶಾರ್ಡಾನ್ ಹುಟ್ಟಿ ಮುನ್ನೂರು ವರ್ಷ ತುಂಬಿದಾಗ, ರೋಸೆನ್‌ಬೆರ್ಗ್ ಮತ್ತೊಂದು ರೆಟ್ರೋಸ್ಪೆಕ್ಟಿವ್, ಅಂದರೆ ಒಬ್ಬ ಕಲಾವಿದನ ಜೀವಮಾನದ ಕೆಲಸವನ್ನು ಒಂದೆಡೆ ತೋರಿಸುವ ಪ್ರದರ್ಶನ, ಮಾಡಿದರು. 1999ರಲ್ಲಿ ಪ್ಯಾರಿಸ್ಸಿನಲ್ಲಿ ಶುರುವಾಗಿ ಡ್ಯೂಸೆಲ್‌ಡಾರ್ಫ್, ಲಂಡನ್ ದಾಟಿ 2000ದಲ್ಲಿ ನ್ಯೂಯಾರ್ಕ್ ತಲುಪಿತು. ಒಬ್ಬನೇ ಕಲಾವಿದನಿಗೆ ಒಬ್ಬರೇ ವಿದ್ವಾಂಸರು ಎರಡು ಸಲ ಇಷ್ಟು ದೊಡ್ಡ ಪ್ರದರ್ಶನ ಕಟ್ಟಿದ್ದು ಏಕೆ ಎಂದು ಕೇಳಿಕೊಂಡರೆ ನನಗೆ ಹೊಳೆಯುವ ಉತ್ತರ ಇದು: ಶಾರ್ಡಾನನ ಒಂದೊಂದು ಚಿತ್ರವನ್ನು ಬಿಡಿಬಿಡಿಯಾಗಿ ನೋಡಿದರೆ ಅವನು ಪೂರ್ತಿ ಕಾಣುವುದಿಲ್ಲ. ಸಾಲಾಗಿ ಇಟ್ಟು ನೋಡಿದಾಗ ಕಾಣುತ್ತಾನೆ. ಈ ಮಾತನ್ನು ನಿಮ್ಮ ಮುಂದೆ ಸ್ವಲ್ಪ ಬಿಡಿಸಿ ಹೇಳಬೇಕು.

ಐತಿಹಾಸಿಕ ಅಥವಾ ಪೌರಾಣಿಕ ಚಿತ್ರ ಬರೆಯುವವನಿಗೆ ಈ ತೊಂದರೆ ಇಲ್ಲ. ಯುದ್ಧ, ಪಟ್ಟಾಭಿಷೇಕ, ದೇವತೆಗಳ ಜಗಳ ಇವೆಲ್ಲ ಒಂದೇ ಕ್ಯಾನ್ವಾಸಿನಲ್ಲಿ ತಮ್ಮ ಕಥೆ ಹೇಳಿ ಮುಗಿಸುತ್ತವೆ. ಶಾರ್ಡಾನ್ ಬರೆದದ್ದು ಏನು? ಒಂದು ತಾಮ್ರದ ಪಾತ್ರೆ, ಎರಡು ಈರುಳ್ಳಿ, ಕುಟ್ಟಾಣಿ, ಮೊಟ್ಟೆ, ಚಾಕು. ತರಕಾರಿ ಹೆರೆಯುತ್ತ ಕೈ ನಿಲ್ಲಿಸಿ ಎತ್ತಲೋ ನೋಡುವ ಕೆಲಸದವಳು. ಇಸ್ಪೀಟೆಲೆ ಜೋಡಿಸಿ ಮನೆ ಕಟ್ಟುವ ಹುಡುಗ. ಚಿತ್ರಗಳೂ ಹೆಚ್ಚಿನವು ಚಿಕ್ಕವು. ಗೋಡೆ ತುಂಬ ಚಿನ್ನದ ಚೌಕಟ್ಟುಗಳಿರುವ ಕೋಣೆಯಲ್ಲಿ ಇಂಥದ್ದೊಂದು ಮೂಲೆಯಲ್ಲಿದ್ದರೆ ಯಾರ ಕಾಲೂ ಅಲ್ಲಿ ನಿಲ್ಲುವುದಿಲ್ಲ. ಅವನ ಕಾಲದಲ್ಲೇ ಚಿತ್ರಗಳು ನಾಲ್ಕು ದಿಕ್ಕಿಗೆ ಹೋದವು. ಸ್ವೀಡನ್ನಿನ ರಾಯಭಾರಿ ಟೆಸಿನ್ ಮತ್ತು ಅಲ್ಲಿನ ರಾಣಿ ಲೊವಿಸಾ ಉಲ್ರಿಕಾ ಕೊಂಡವು ಸ್ಟಾಕ್‌ಹೋಮಿನಲ್ಲಿವೆ. ರಷ್ಯದ ಸಾಮ್ರಾಜ್ಞಿ ಕ್ಯಾಥರೀನ್ ಬರೆಸಿಕೊಂಡದ್ದು ಸೇಂಟ್ ಪೀಟರ್ಸ್‌ಬರ್ಗಿನ ಹರ್ಮಿಟೇಜ್ ಮ್ಯೂಸಿಯಂನಲ್ಲಿದೆ. ಜರ್ಮನಿಯ ಬಾಡೆನ್ ಸಂಸ್ಥಾನದ ಕರೋಲಿನ್ ಲೂಯಿಸಾ ಸಂಗ್ರಹಿಸಿದವು ಕಾರ್ಲ್ಸ್‌ರೂಹೆಯಲ್ಲಿವೆ. ಅಂಗರಚನಾ ಶಾಸ್ತ್ರದ ವೈದ್ಯ ವಿಲಿಯಂ ಹಂಟರ್ ಕೊಂಡವು ಗ್ಲಾಸ್ಗೋದಲ್ಲಿವೆ. ಇಷ್ಟೂ ಊರುಗಳನ್ನು ಸುತ್ತಿದವರಿಗೂ, ಅಲ್ಲಿ ನೋಡಿದ ಪಾತ್ರೆ ಇಲ್ಲಿ ನೋಡಿದ್ದೇ ಎಂದು ನೆನಪಿನ ಬಲದಿಂದ ಹೇಳುವುದು ಕಷ್ಟ.

ಅವನ ಕಾಲದ ಕಲಾ ಅಕಾಡೆಮಿಯಲ್ಲಿ ವಸ್ತುವಿನ ಮೇಲೆ ಚಿತ್ರಕಾರನ ಅಂತಸ್ತು ನಿರ್ಧಾರವಾಗುತ್ತಿತ್ತು. 1667ರಲ್ಲಿ ಫೆಲಿಬಿಯಾಂ ಎಂಬ ಕಲಾಬರಹಗಾರ ಈ ಶ್ರೇಣಿಯನ್ನು ಬರೆದೇ ಇಟ್ಟಿದ್ದ. ಎಲ್ಲಕ್ಕಿಂತ ಮೇಲೆ ಇತಿಹಾಸ, ಪುರಾಣ, ಧರ್ಮದ ಚಿತ್ರ. ಅದರ ಕೆಳಗೆ ಭಾವಚಿತ್ರ. ಇನ್ನೂ ಕೆಳಗೆ ಪ್ರಾಣಿಗಳು, ನಿಸರ್ಗ. ಕಟ್ಟಕಡೆಗೆ ಜೀವವಿಲ್ಲದ ವಸ್ತುಗಳು, ಅಂದರೆ ಸ್ಟಿಲ್ ಲೈಫ್. ಶಾರ್ಡಾನನ ತಂದೆ ಮರಗೆಲಸದವನು, ಬಿಲಿಯರ್ಡ್ಸ್ ಮೇಜು ಮಾಡುತ್ತಿದ್ದವನು. ಮಗ ರೋಮಿಗೆ ಹೋಗಿ ಓದಲಿಲ್ಲ. ದೊಡ್ಡ ಕಥಾಚಿತ್ರಗಳಿಗೆ ಬೇಕಾದ ಶಿಕ್ಷಣವೂ ಅವನಿಗೆ ಪೂರ್ತಿ ಸಿಗಲಿಲ್ಲ. 1728ರ ಸೆಪ್ಟೆಂಬರಿನಲ್ಲಿ ರಾಜ ಅಕಾಡೆಮಿ ಅವನನ್ನು ಸೇರಿಸಿಕೊಂಡಾಗ ದಾಖಲಾದದ್ದು ಪ್ರಾಣಿ ಮತ್ತು ಹಣ್ಣು ಬರೆಯುವುದರಲ್ಲಿ ನುರಿತವನು ಎಂದು. ಆ ಲೆಕ್ಕದಲ್ಲಿ ಅವನು ಅಲ್ಲಿ ಎಂದೂ ಪ್ರೊಫೆಸರ್ ಆಗುವಂತಿರಲಿಲ್ಲ, ಆಗಲೂ ಇಲ್ಲ.

ಸೇರಿಸಿಕೊಳ್ಳುವಾಗ ಅಕಾಡೆಮಿ ತನ್ನ ಬಳಿ ಇಟ್ಟುಕೊಂಡ ಎರಡು ಚಿತ್ರಗಳಲ್ಲಿ ಒಂದು ‘ಲಾ ರೇ’. ಚಿತ್ರದ ನಡುವೆ, ಕಲ್ಲುಗೋಡೆಯ ಮುಂದೆ, ಕೊಕ್ಕೆಗೆ ನೇತುಹಾಕಿದ ತೊರಕೆ ಮೀನು. ನಮ್ಮ ಕರಾವಳಿಯವರಿಗೆ ಈ ಮೀನಿನ ಪರಿಚಯ ಹೇಳಬೇಕಿಲ್ಲ. ಹೊಟ್ಟೆ ಸೀಳಿದೆ, ಒಳಗಿನ ಗುಲಾಬಿ ಕೆಂಪು ಕರುಳು, ಮಾಂಸ ಹೊರಗೆ ಕಾಣುತ್ತಿದೆ. ತೊರಕೆಯ ಅಡಿಭಾಗದಲ್ಲಿ ಬಾಯಿ, ಮೂಗಿನ ಹೊಳ್ಳೆ ಸೇರಿ ಒಂದು ಮುಖದ ಹಾಗೆ ಕಾಣುತ್ತದಲ್ಲ, ಆ ಮುಖ ನಮ್ಮನ್ನೇ ನೋಡುತ್ತದೆ. ಎಡಗಡೆ ತೆರೆದ ಸಿಂಪಿಗಳ ಮೇಲೆ ಕಾಲೂರಿ, ಮೈಕೂದಲು ನಿಗುರಿಸಿಕೊಂಡ ಬೆಕ್ಕು. ಬಲಗಡೆ ಹೂಜಿ, ಪಾತ್ರೆ, ಜಾಲರಿ ಸೌಟು, ಕಲ್ಲುಕಟ್ಟೆಯ ಅಂಚಿನಿಂದ ಹೊರಗೆ ಚಾಚಿದ ಚಾಕು. ಇಡೀ ಚಿತ್ರದಲ್ಲಿ ಜೀವವಿರುವುದು ಆ ಬೆಕ್ಕಿಗೆ ಮಾತ್ರ, ಆದರೆ ನಿಮ್ಮ ಕಣ್ಣು ಹೋಗಿ ನಿಲ್ಲುವುದು ಸತ್ತ ಮೀನಿನ ಮೇಲೆ. ಮೀನಿನ ಮೈಯ ಒದ್ದೆತನ, ಆ ನಂಜು ಹೊಳಪು ಬಣ್ಣದಲ್ಲಿ ಬಂದಿರುವ ರೀತಿ ನೋಡಿದರೆ ಮೂವತ್ತರ ಒಳಗಿನ ಹುಡುಗನ ಕೈ ಎಂದು ನಂಬುವುದು ಕಷ್ಟ. ನೂರೈವತ್ತು ವರ್ಷಕ್ಕೂ ಮೇಲೆ ಫ್ರೆಂಚ್ ಚಿತ್ರಕಾರ ಮಾತಿಸ್ ತರುಣನಿದ್ದಾಗ ಲೂವ್ರಿನಲ್ಲಿ ಈ ಚಿತ್ರದ ಮುಂದೆ ಕೂತು ಅದನ್ನು ನಕಲು ಮಾಡಿ ಕಲಿತ. ಸೂಟಿನ್ ಎಂಬ ಇನ್ನೊಬ್ಬ ಚಿತ್ರಕಾರ ತನ್ನದೇ ತೊರಕೆಗಳನ್ನು ಬರೆದ.

ಶಾರ್ಡಾನನ ಗೆಳೆಯ, ಕೆತ್ತನೆಗಾರ ಕೊಶಾನ್ ಒಂದು ಸಂಗತಿ ಬರೆದಿಟ್ಟಿದ್ದಾನೆ. ಶಾರ್ಡಾನ್ ಎಳೆಯವನಿದ್ದಾಗ ಒಂದು ಸತ್ತ ಮೊಲ ಸಿಕ್ಕಿತು, ಅದನ್ನು ಬರೆಯಬೇಕೆನಿಸಿತು. ಒಂದೊಂದು ಕೂದಲನ್ನೂ ಎಣಿಸಿ ಬರೆದರೆ ಮೊಲ ಬರುವುದಿಲ್ಲ ಎಂದು ಅವನಿಗೆ ಹೊಳೆಯಿತು. ತಾನು ಇದುವರೆಗೆ ನೋಡಿದ್ದನ್ನೆಲ್ಲ ಮರೆಯಬೇಕು, ಬೇರೆಯವರು ಇಂಥ ವಸ್ತುವನ್ನು ಬರೆದ ಬಗೆಯನ್ನೂ ಮರೆಯಬೇಕು, ಸಾಕಷ್ಟು ದೂರ ನಿಂತು ಒಟ್ಟು ಆಕಾರ, ಬಣ್ಣ, ಬೆಳಕು ನೆರಳನ್ನು ಹಿಡಿಯಬೇಕು ಎಂದು ತೀರ್ಮಾನಿಸಿದ. ನನಗೆ ಈ ಕಥೆಯಲ್ಲಿ ಬಹಳ ಇಷ್ಟವಾಗುವುದು ಆ ಮರೆಯುವ ನಿರ್ಧಾರ. ಮುಂದಿನ ಐವತ್ತು ವರ್ಷ ಅವನು ಅದನ್ನೇ ಮಾಡಿದ. ಅದೇ ಪಾತ್ರೆಯನ್ನು ಮತ್ತೆ ಎತ್ತಿ ಮೇಜಿನ ಮೇಲಿಟ್ಟು, ಅದನ್ನು ಹಿಂದೆ ಬರೆದದ್ದನ್ನು ಮರೆತು, ಹೊಸದಾಗಿ ನೋಡಿದ.

ಪ್ರದರ್ಶನದಲ್ಲಿ ಇದು ತಾನಾಗಿ ಕಣ್ಣಿಗೆ ಬೀಳುವ ಸಂಗತಿ. ‘ತಾಮ್ರದ ನೀರಿನ ತೊಟ್ಟಿ’ ಎಂಬ ಚಿತ್ರ ಲೂವ್ರಿನದು, 1734ರ ಸುಮಾರಿನದು. ಮರದ ಹಲಗೆಯ ಮೇಲೆ ಬರೆದದ್ದು. ಅಳತೆ ಎಷ್ಟೆಂದರೆ 28.5 ಸೆಂಟಿಮೀಟರ್ ಎತ್ತರ, 23 ಸೆಂಟಿಮೀಟರ್ ಅಗಲ, ಒಂದು ನೋಟ್‌ಬುಕ್ಕಿನಷ್ಟು. ಮರದ ಕಾಲುಗಳ ಮೇಲೆ ನಿಂತ ಮುಚ್ಚಳವಿರುವ ದೊಡ್ಡ ತಾಮ್ರದ ಪೀಪಾಯಿ, ಕೆಳಗೆ ನಲ್ಲಿ, ಬುಡದಲ್ಲಿ ಬಕೆಟ್ಟು, ಇನ್ನೊಂದೆರಡು ಪಾತ್ರೆ. ಅಷ್ಟೇ. ಆಗಿನ ಪ್ಯಾರಿಸ್ಸಿನ ಮನೆಗಳಿಗೆ ಕೊಳಾಯಿ ನೀರು ಎಲ್ಲಿಯದು? ನೀರು ಹೊರುವವರು ತಂದು ಸುರಿದದ್ದನ್ನು ಈ ತೊಟ್ಟಿಯಲ್ಲಿ ತುಂಬಿಟ್ಟುಕೊಂಡು, ತಿಳಿಯಾದ ಮೇಲೆ ನಲ್ಲಿಯಲ್ಲಿ ಹಿಡಿದು ಬಳಸಬೇಕು. ಇಡೀ ಮನೆಯ ಕುಡಿಯುವ ನೀರು, ಅಡುಗೆ, ತೊಳೆಯುವುದು ಎಲ್ಲ ಅದರ ಮೇಲೆ ನಿಂತಿದೆ. ಚಿತ್ರದಲ್ಲಿ ಅದಕ್ಕೆ ಸಿಕ್ಕಿರುವ ಗಾಂಭೀರ್ಯ ಆ ಕಾಲದಲ್ಲಿ ಸಾಮಾನ್ಯವಾಗಿ ಮಂತ್ರಿಗಳಿಗೂ ಬಿಷಪ್ಪರಿಗೂ ಸಿಗುತ್ತಿದ್ದದ್ದು. ನಮ್ಮಲ್ಲಿ ಹುಣಸೆಹಣ್ಣು ಹಾಕಿ ಉಜ್ಜಿದ ಬಚ್ಚಲುಮನೆಯ ಹಂಡೆಯನ್ನು ಬೆಳಗಿನ ಬಿಸಿಲಿನಲ್ಲಿ ನೋಡಿದವರಿಗೆ ಆ ತಾಮ್ರದ ಬಣ್ಣ ಏನೆಂದು ಗೊತ್ತು: ಒಂದು ಕಡೆ ಕಿತ್ತಳೆ, ಒಂದು ಕಡೆ ಕಂದು, ಬೆಳಕು ತಾಕಿದಲ್ಲಿ ಹೆಚ್ಚುಕಡಿಮೆ ಬಿಳಿ.

ಈಗ ಸ್ಟಾಕ್‌ಹೋಮಿನಿಂದ ಬಂದ ಇನ್ನೊಂದು ಚಿತ್ರ ನೋಡಿ. ಇದೇ ಬಗೆಯ ತೊಟ್ಟಿ, ಆದರೆ ಈ ಸಲ ಒಬ್ಬ ಹೆಂಗಸು ಬಗ್ಗಿ ನೀರು ಹಿಡಿಯುತ್ತಿದ್ದಾಳೆ. ಬಿಳಿ ಟೊಪ್ಪಿಗೆಯ ಅಂಚು ಅವಳ ಮುಖವನ್ನು ಮುಚ್ಚಿದೆ. ಹಿಂದಿನ ಬಾಗಿಲಾಚೆ ಬೆಳಕಿರುವ ಕೋಣೆ, ಅಲ್ಲಿ ಇನ್ನೊಬ್ಬಳು ಗುಡಿಸುತ್ತಿದ್ದಾಳೆ, ಹತ್ತಿರ ಒಂದು ಮಗು. ಲೂವ್ರಿನಲ್ಲಿ ಮೊದಲನೆಯದನ್ನು ಮಾತ್ರ ನೋಡಿದಾಗ ಅದು ಸೊಗಸಾದ ಒಂದು ವಸ್ತು. ಇವೆರಡೂ ಪಕ್ಕಪಕ್ಕದಲ್ಲಿ ಬಂದಾಗ ತೊಟ್ಟಿಗೆ ಅದರ ಮನೆ ಸಿಗುತ್ತದೆ, ಅದನ್ನು ದಿನಾ ಮುಟ್ಟುವ ಕೈ ಸಿಗುತ್ತದೆ. ಶಾರ್ಡಾನನ ಮೊದಲ ಹೆಂಡತಿ ಮಾರ್ಗರೀತ್ 1735ರಲ್ಲಿ ತೀರಿಕೊಂಡಳು; 1737ರಲ್ಲಿ ಮನೆಯ ಸಾಮಾನಿನ ಪಟ್ಟಿ ಮಾಡಿದರು. ಗ್ಲಾಸ್ಗೋದಲ್ಲಿರುವ ‘ಚಹಾ ಕುಡಿಯುತ್ತಿರುವ ಮಹಿಳೆ’ ಚಿತ್ರ ಅವಳು ತೀರಿಕೊಂಡ ವರ್ಷದ್ದೇ. ಅದರಲ್ಲಿ ಕಾಣುವ ಮೇಜು, ಕಂದು ಟೀಪಾಟಿನಂಥ ವಸ್ತುಗಳು ಆ ಪಟ್ಟಿಯಲ್ಲಿಯೂ ಇವೆ. ವಿದ್ವಾಂಸರು ಇಂಥ ಕಾಗದಪತ್ರವನ್ನೂ ಚಿತ್ರವನ್ನೂ ಎದುರು ಬದುರು ಇಟ್ಟು ಓದಿದ್ದರಿಂದ ನಮಗೆ ಒಂದು ಮಾತು ಗಟ್ಟಿಯಾಗಿ ತಿಳಿಯಿತು: ಅವನು ಬರೆದದ್ದು ತನ್ನ ಮನೆಯ ಸಾಮಾನನ್ನೇ.

ಮನುಷ್ಯರನ್ನು ಬರೆಯಲು ಅವನು ತೊಡಗಿದ್ದು 1733ರ ಹೊತ್ತಿಗೆ. ಇದಕ್ಕೂ ಒಂದು ಕಥೆಯಿದೆ. ಗೆಳೆಯ, ಭಾವಚಿತ್ರಕಾರ ಆವೆದ್ ನಾನೂರು ಲೀವ್ರ್ (ಆಗಿನ ಫ್ರೆಂಚ್ ನಾಣ್ಯ) ಸಂಭಾವನೆಯ ಕೆಲಸವೊಂದನ್ನು ಸಾಲದೆಂದು ಬೇಡ ಅಂದನಂತೆ. ಅದು ಒಳ್ಳೆಯ ಮೊತ್ತವೇ, ಒಪ್ಪಿಕೋ ಎಂದ ಶಾರ್ಡಾನ್‌ಗೆ ಆವೆದ್, ಭಾವಚಿತ್ರ ಬರೆಯುವುದು ನಿನ್ನ ಸಾಸೇಜು ಬರೆದಷ್ಟು ಸುಲಭವಾಗಿದ್ದರೆ ಸರಿ ಎಂದನಂತೆ. ಆ ಮಾತು ನಾಟಿತು. ಕಥೆ ಎಷ್ಟು ನಿಜವೋ, ಆಗಿನ ಕಲಾ ಲೋಕದಲ್ಲಿ ಅವನ ಸ್ಥಾನ ಎಲ್ಲಿತ್ತು ಎಂಬುದಂತೂ ಇದರಿಂದ ತಿಳಿಯುತ್ತದೆ.

ಆ ಹದಿನೈದಿಪ್ಪತ್ತು ವರ್ಷದ ಮನುಷ್ಯಚಿತ್ರಗಳೇ ಅವನನ್ನು ಊರಿಗೆಲ್ಲ ಪರಿಚಯಿಸಿದವು. ಪ್ಯಾರಿಸ್ಸಿನಲ್ಲಿ 1737ರಿಂದ ಸಲೋನ್ ಎಂಬ ಅಕಾಡೆಮಿಯ ಪ್ರದರ್ಶನ ಮತ್ತೆ ಶುರುವಾಗಿ ಸಾಮಾನ್ಯ ಜನರೂ ಬಂದು ಚಿತ್ರ ನೋಡುವಂತಾಯಿತು. ಸಾಬೂನು ಗುಳ್ಳೆ ಊದುವ ಹುಡುಗ, ಬುಗುರಿ ತಿರುಗಿಸುತ್ತ ಮೈಮರೆತ ಆಭರಣ ವ್ಯಾಪಾರಿ ಗೊದೆಫ್ರ್ವಾನ ಮಗ, ಮಾರುಕಟ್ಟೆಯಿಂದ ಬಂದು ರೊಟ್ಟಿಗಳನ್ನು ಕಪಾಟಿನ ಮೇಲಿಟ್ಟು ಒಂದು ನಿಮಿಷ ದಣಿವಾರಿಸಿಕೊಳ್ಳುವ ಕೆಲಸದವಳು. ಇವರೆಲ್ಲ ಏನೋ ಒಂದರಲ್ಲಿ ಮುಳುಗಿದ್ದಾರೆ. ಬಹುಮಟ್ಟಿಗೆ ಯಾರೂ ನಮ್ಮ ಕಡೆ ತಿರುಗುವುದಿಲ್ಲ. ಲಂಡನ್ನಿನ ನ್ಯಾಷನಲ್ ಗ್ಯಾಲರಿಯ ‘ಇಸ್ಪೀಟಿನ ಮನೆ’ ಚಿತ್ರದ ಹುಡುಗ ಅವನ ಗೆಳೆಯ ಲ ನ್ವಾರನ ಮಗ. ಮಡಿಸಿದ ಎಲೆಯೊಂದನ್ನು ನಿಲ್ಲಿಸುತ್ತಿದ್ದಾನೆ. ಉಸಿರು ಬಿಟ್ಟರೆ ಬೀಳುತ್ತದೆ ಎಂಬ ಎಚ್ಚರ ಅವನ ಬೆರಳಿನಲ್ಲಿದೆ, ತುಟಿಯಲ್ಲಿದೆ. ಮಕ್ಕಳು ಹೀಗೆ ಆಡುವಾಗ ನಾವು ಕೂಗಿದರೂ ಅವರಿಗೆ ಕೇಳುವುದಿಲ್ಲ. ಕೇಳದ ಆ ಸ್ಥಿತಿಯನ್ನೇ ಅವನು ಬರೆದಿದ್ದಾನೆ.

ಶಾರ್ಡಾನ್ ಇಸ್ಪೀಟಿನ ಮನೆಯನ್ನು ಒಂದಕ್ಕಿಂತ ಹೆಚ್ಚು ಸಲ ಬೇರೆ ಬೇರೆ ರೀತಿಯಲ್ಲಿ ಬರೆದ. ಲಂಡನ್, ಪ್ಯಾರಿಸ್, ವಾಷಿಂಗ್ಟನ್, ಇಂಗ್ಲೆಂಡಿನ ವಾಡ್ಸ್‌ಡನ್ ಮ್ಯಾನರ್ ಇಲ್ಲೆಲ್ಲ ಒಂದೊಂದಿವೆ. ಮೇಜು ಬೇರೆ, ಹುಡುಗ ತಿರುಗಿದ ದಿಕ್ಕು ಬೇರೆ, ಕಾಣುವ ಇಸ್ಪೀಟೆಲೆ ಬೇರೆ. ಇನ್ನು ಕೆಲವು ಚಿತ್ರಗಳನ್ನು ಬೇಡಿಕೆಯ ಮೇರೆಗೆ ತಾನೇ ಹೆಚ್ಚುಕಡಿಮೆ ಹಾಗೇ ಮರಳಿ ಬರೆದ. ಇದನ್ನು ಹಣಕ್ಕಾಗಿ ಮಾಡಿದ ನಕಲು ಎಂದು ತಳ್ಳಿಹಾಕಿದವರಿದ್ದಾರೆ. ಹಣ ಬೇಕಿತ್ತು, ನಿಜ. ನಿಧಾನಗಾರ ಅವನು, ಜೀವಮಾನದಲ್ಲಿ ಬರೆದದ್ದು ಇನ್ನೂರರ ಆಸುಪಾಸು. ಆದರೂ ಒಂದೇ ಚಿತ್ರದ ಎರಡು ರೂಪಗಳು ಒಂದೇ ಗೋಡೆಯ ಮೇಲೆ ಸಿಕ್ಕಾಗ ನೋಡುವವರ ಕಣ್ಣು ಹರಿತವಾಗುತ್ತದೆ. ಇಲ್ಲಿ ಕೆನ್ನೆಗೆ ಒಂದು ಚೂರು ಕೆಂಪು ಹೆಚ್ಚಿದೆ, ಅಲ್ಲಿ ಗೋಡೆ ಬೂದಿಬಣ್ಣಕ್ಕೆ ತಿರುಗಿದೆ, ಈ ಕಡೆ ಮೇಜಿನ ಡ್ರಾಯರು ತುಸು ತೆರೆದು ನಮ್ಮತ್ತ ಚಾಚಿದೆ. ನೋಡುವುದು ಎಂದರೇನು ಎಂದು ಕಲಿಸುವ ಪಾಠ ನಡೆಯುವುದೇ ಅಲ್ಲಿ. ರೆಟ್ರೋಸ್ಪೆಕ್ಟಿವ್ ಇಲ್ಲದೆ ಈ ಪಾಠಕ್ಕೆ ಬೇರೆ ಜಾಗವಿಲ್ಲ.

ಈ ಚಿತ್ರಗಳ ಮುದ್ರಿತ ಪ್ರತಿಗಳ ವಿಷಯವನ್ನೂ ಹೇಳಬೇಕು. ತೈಲಚಿತ್ರ ಕೊಳ್ಳಲಾಗದ ಮನೆಗಳಿಗೆ ತಾಮ್ರದ ತಗಡಿನಲ್ಲಿ ಕೆತ್ತಿ ಅಚ್ಚು ಹಾಕಿದ ಪ್ರತಿಗಳು ಹೋದವು. ಮುದ್ರಿಸಿದವರು ಅಡಿಯಲ್ಲಿ ಪದ್ಯವನ್ನೂ ಸೇರಿಸಿದರು. ಇಸ್ಪೀಟಿನ ಮನೆಯ ಕೆಳಗೆ, ದೊಡ್ಡವರಾದ ನಮ್ಮ ಯೋಜನೆಗಳೇನು ನಿಮ್ಮ ಮನೆಗಳಿಗಿಂತ ಹೆಚ್ಚು ಗಟ್ಟಿಯೇ ಮಕ್ಕಳೇ ಎಂಬರ್ಥದ ಸಾಲು. ‘ಬೆನೆದಿಸಿತೆ’, ಅಂದರೆ ಊಟದ ಮುಂಚಿನ ಪ್ರಾರ್ಥನೆ, ಎಂಬ ಚಿತ್ರದ ಕೆಳಗೆ, ತೊದಲುತ್ತ ಪ್ರಾರ್ಥನೆ ಹೇಳುವ ತಮ್ಮನನ್ನು ನೋಡಿ ಅಕ್ಕ ಒಳಗೊಳಗೇ ನಗುತ್ತಾಳೆ ಎಂಬ ಸಾಲು. ಈಗ ಮೂಲ ಚಿತ್ರಕ್ಕೆ ಬನ್ನಿ. ಊಟಕ್ಕೆ ಮುಂಚೆ ತಾಯಿ ಮೇಜಿನ ಮೇಲೆ ಬಡಿಸುತ್ತ ಬಾಗಿ ನಿಂತಿದ್ದಾಳೆ. ಪುಟ್ಟದು ಕೈ ಜೋಡಿಸಿದೆ, ಅದರ ಕುರ್ಚಿಗೆ ಆಟದ ತಮಟೆ ನೇತುಬಿದ್ದಿದೆ. ದೊಡ್ಡವಳು ನೋಡುತ್ತಿದ್ದಾಳೆ. ನೆಲದ ಮೇಲೆ ಕೆಂಡದ ಒಲೆ. ನಗು ಅಲ್ಲಿ ಎಲ್ಲಿದೆ? ಬುದ್ಧಿಮಾತು ಎಲ್ಲಿದೆ? ತಾಯಿಯ ಕಣ್ಣು ಮಗುವಿನ ಬಾಯಿಯ ಮೇಲಿದೆ, ಅವಳು ಮುಂದಿನ ಶಬ್ದಕ್ಕೆ ಕಾಯುತ್ತಿದ್ದಾಳೆ, ಅಷ್ಟೇ. ಪದ್ಯ ಬರೆದವನಿಗೆ ಅರ್ಥ ಬೇಕಾಗಿತ್ತು. ಶಾರ್ಡಾನನಿಗೆ ಆ ಕಾಯುವಿಕೆ ಸಾಕಾಗಿತ್ತು. 1740ರ ನವೆಂಬರಿನಲ್ಲಿ ವರ್ಸಾಯಿ ಅರಮನೆಗೆ ಹೋಗಿ ಈ ಚಿತ್ರವನ್ನೂ ಇನ್ನೊಂದನ್ನೂ ಅವನು ಹದಿನೈದನೇ ಲೂಯಿ ದೊರೆಗೆ ಅರ್ಪಿಸಿದ.

1740ರ ದಶಕದ ಕೊನೆಯಿಂದ ಅವನು ನಿಧಾನವಾಗಿ ಪಾತ್ರೆ, ಹಣ್ಣುಗಳ ಕಡೆಗೆ ಮರಳಿದ. ಕಾರಣಗಳ ಬಗ್ಗೆ ತರ್ಕ ಬಹಳ ನಡೆದಿದೆ, ನಾನು ಅದಕ್ಕೆ ಹೋಗುವುದಿಲ್ಲ. ಆ ಹೊತ್ತಿಗೆ ಅವನ ಜೀವನ ಒಂದು ನೆಲೆಗೆ ಬಂದಿತ್ತು. 1744ರಲ್ಲಿ ಫ್ರಾನ್ಸ್ವಾಸ್ ಮಾರ್ಗರೀತ್ ಪುಜೆ ಎಂಬ ವಿಧವೆಯನ್ನು ಮದುವೆಯಾದ. 1755ರಲ್ಲಿ ಅಕಾಡೆಮಿಯ ಖಜಾಂಚಿಯಾದ. 1757ರಲ್ಲಿ ದೊರೆ ಅವನಿಗೆ ಲೂವ್ರಿನಲ್ಲೇ ವಾಸಕ್ಕೆ ಮನೆ ಕೊಟ್ಟ. ಜೊತೆಗೆ ಸಲೋನ್ ಪ್ರದರ್ಶನಕ್ಕೆ ಚಿತ್ರ ತೂಗುಹಾಕುವ ಹೊಣೆಯೂ ಅವನ ಹೆಗಲಿಗೆ ಬಂತು. ಯಾರ ಚಿತ್ರ ಕಣ್ಣಿನ ಮಟ್ಟಕ್ಕೆ, ಯಾರದ್ದು ಸೂರಿನ ಹತ್ತಿರಕ್ಕೆ, ಯಾವುದರ ಪಕ್ಕ ಯಾವುದು ಎಂದು ತೀರ್ಮಾನಿಸುವ ಕೆಲಸ. ಎಷ್ಟು ಜಗಳದ ಕೆಲಸ ಎಂದು ಇಲ್ಲಿರುವ ಕಲಾವಿದರಿಗೆ ನಾನು ಹೇಳಬೇಕೆ? ಎರಡು ಚಿತ್ರ ಪಕ್ಕಪಕ್ಕ ಬಂದಾಗ ಏನಾಗುತ್ತದೆ ಎಂಬುದನ್ನು ಅವನಷ್ಟು ಬಲ್ಲವರು ಆಗಿನ ಪ್ಯಾರಿಸ್ಸಿನಲ್ಲಿ ಯಾರೂ ಇದ್ದಿರಲಾರರು. ಹಾಗಿದ್ದೂ ತನ್ನ ಸ್ವಂತ ಚಿತ್ರಗಳು ಹುಟ್ಟಿನಿಂದ ಕೊನೆಯವರೆಗೆ ಸಾಲಾಗಿ ನಿಂತದ್ದನ್ನು ಅವನು ನೋಡಲಿಲ್ಲ. ಒಬ್ಬನ ಇಡೀ ಬದುಕಿನ ಕೆಲಸವನ್ನು ಒಂದೆಡೆ ತೋರಿಸುವ ರೂಢಿಯೇ ಆಗ ಇರಲಿಲ್ಲ.

ಈ ಸಲೋನ್‌ಗಳ ಬಗ್ಗೆ ಬರೆಯುತ್ತಿದ್ದವನು ಫ್ರೆಂಚ್ ತತ್ವಜ್ಞಾನಿ, ಲೇಖಕ ದಿದೆರೊ. 1763ರಲ್ಲಿ ಅವನು ‘ಆಲಿವ್ ಜಾಡಿ’ ಚಿತ್ರದ ಮುಂದೆ ನಿಂತು ಬರೆದದ್ದು ಕಲಾವಿಮರ್ಶೆಯಲ್ಲೇ ಹೆಸರಾದ ಬರಹ. ಈ ಬಿಸ್ಕತ್ತು ತೆಗೆದು ತಿನ್ನಬಹುದು, ಈ ಕಹಿ ಕಿತ್ತಳೆಯನ್ನು ಕೊಯ್ದು ಹಿಂಡಬಹುದು, ಈ ಗ್ಲಾಸಿನ ವೈನು ಕುಡಿಯಬಹುದು ಎನ್ನುತ್ತಾನೆ. ನೀನು ಅರೆಯುವುದು ಬಿಳಿ, ಕೆಂಪು, ಕಪ್ಪು ಬಣ್ಣವನ್ನಲ್ಲ ಶಾರ್ಡಾನ್, ವಸ್ತುವಿನ ಸತ್ವವನ್ನೇ. ಗಾಳಿ ಬೆಳಕನ್ನು ಕುಂಚದ ತುದಿಯಲ್ಲಿ ತೆಗೆದು ಕ್ಯಾನ್ವಾಸಿಗೆ ಅಂಟಿಸುತ್ತೀಯ ಎಂಬರ್ಥದ ಮಾತು ಅಲ್ಲೇ ಬರುತ್ತದೆ. ಹತ್ತಿರ ಹೋದರೆ ಎಲ್ಲ ಕಲಸಿಹೋಗಿ ಚಪ್ಪಟೆಯಾಗಿ ಮಾಯವಾಗುತ್ತದೆ, ಹಿಂದೆ ಸರಿದರೆ ಎಲ್ಲ ಮತ್ತೆ ಹುಟ್ಟುತ್ತದೆ ಎಂದೂ ಹೇಳುತ್ತಾನೆ. ಈ ಮಾತನ್ನು ಫೋಟೊ ನೋಡಿ ಪರೀಕ್ಷಿಸಲಾಗದು. ಚಿತ್ರದ ಎದುರು ನಿಂತು ನಾಲ್ಕು ಹೆಜ್ಜೆ ಮುಂದೆ, ನಾಲ್ಕು ಹೆಜ್ಜೆ ಹಿಂದೆ ಹೋಗಬೇಕು.

1765ರ ಸಲೋನ್ ಬರಹದಲ್ಲಿ ದಿದೆರೊ ಶಾರ್ಡಾನನ ಮಾತೊಂದನ್ನು ದಾಖಲಿಸಿದ್ದಾನೆ. ಎಳೆಯ ಕಲಾವಿದರ ಕೆಲಸವನ್ನು ಕಟುವಾಗಿ ಆಡಿಕೊಳ್ಳುವವರಿಗೆ ಶಾರ್ಡಾನ್ ಹೇಳಿದನಂತೆ: ಸ್ವಲ್ಪ ಮೃದುವಾಗಿರಿ. ಇಲ್ಲಿರುವ ಅತಿ ಕಳಪೆ ಚಿತ್ರವನ್ನು ಹುಡುಕಿ. ಅಷ್ಟನ್ನೂ ಮಾಡಲಾರೆವೆಂದು ಹತಾಶರಾಗಿ ಕುಂಚವನ್ನು ಹಲ್ಲಿನಲ್ಲಿ ಮುರಿದುಕೊಂಡವರು ಎರಡು ಸಾವಿರ ಜನ ಇದ್ದಾರೆಂದು ನೆನಪಿಡಿ. ಏಳೆಂಟು ವರ್ಷದ ಮಗುವಿನ ಕೈಗೆ ಪೆನ್ಸಿಲ್ ಕೊಡುತ್ತಾರೆ, ಕಣ್ಣು ಮೂಗು ಕಿವಿ ಬರೆಸುತ್ತಾರೆ, ವರ್ಷಗಟ್ಟಲೆ ಬೆನ್ನು ಬಗ್ಗಿಸಿ ಕೂಡಿಸುತ್ತಾರೆ, ಕೊನೆಗೆ ಹೆಚ್ಚಿನವರಿಗೆ ಏನೂ ದಕ್ಕುವುದಿಲ್ಲ. ಈ ಮಾತು ಆಡುವಾಗ ಅವನಿಗೆ ತನ್ನ ಮಗನ ನೆನಪಿತ್ತೇನೋ ಎಂದು ನನಗೆ ಅನಿಸುತ್ತದೆ. ಮಗ ಜ್ಯಾಂ ಪಿಯೆರ್, ತಂದೆಗೆ ದಕ್ಕದ ಇತಿಹಾಸ ಚಿತ್ರಕಾರನ ದಾರಿ ಹಿಡಿದು, 1754ರಲ್ಲಿ ರೋಮಿನಲ್ಲಿ ಕಲಿಯಲು ಕಳಿಸುವ ‘ರೋಮ್ ಬಹುಮಾನ’ ಗೆದ್ದ. ತಾಯಿಯ ಆಸ್ತಿಯ ವಿಷಯದಲ್ಲಿ ತಂದೆ ಮಗನ ನಡುವೆ ಮನಸ್ತಾಪವಾಯಿತು. ಇಟಲಿಯಿಂದ ಮರಳುವಾಗ ಜಿನೋವಾ ಬಳಿ ಕಡಲ್ಗಳ್ಳರ ಕೈಗೆ ಸಿಕ್ಕ. ಮುಂದೆ ವೆನಿಸ್ಸಿನಲ್ಲಿ ಸತ್ತ, ಆತ್ಮಹತ್ಯೆ ಎಂದೇ ಹೆಚ್ಚಿನವರು ಭಾವಿಸುತ್ತಾರೆ.

ಆ 1760ರ ದಶಕದ ಚಿತ್ರಗಳಲ್ಲಿ ನಾನು ಎರಡರ ಹತ್ತಿರ ನಿಲ್ಲಬೇಕು. ಒಂದು ‘ಬೆಳ್ಳಿ ಲೋಟ’, 1768ರ ಸುಮಾರಿನದು. ಕೆಂಪು ಸೇಬುಗಳು, ಚೆಸ್ಟ್‌ನಟ್, ಚಮಚ ಹಾಕಿಟ್ಟ ಒಂದು ಬಟ್ಟಲು, ಬೆಳ್ಳಿಯ ಲೋಟ. ಲೋಟವನ್ನು ಬರೆಯಲು ಅವನು ಬಳಸಿರುವುದು ಬೆಳ್ಳಿಯ ಬಣ್ಣ ಅಂತ ಒಂದನ್ನಲ್ಲ. ಪಕ್ಕದ ಸೇಬಿನ ಕೆಂಪು ಲೋಟದ ಹೊಟ್ಟೆಯ ಮೇಲೆ ಬಿದ್ದಿದೆ, ಮೇಜಿನ ಕಂದು ಅಡಿಯಿಂದ ಹತ್ತಿದೆ, ಎಲ್ಲಿಂದಲೋ ಬಂದ ಬೆಳಕು ಅಂಚಿನಲ್ಲಿ ಒಂದು ಚುಕ್ಕಿ. ಅಕ್ಕಪಕ್ಕದವರಿಂದ ಎರವಲು ತಂದ ಬಣ್ಣಗಳಿಂದಲೇ ಲೋಟ ಆಗಿದೆ. 1720ರ ದಶಕದ ಅವನ ಚಿತ್ರಗಳಲ್ಲೂ ಬೆಳ್ಳಿ ಲೋಟವಿದೆ, ಅಲ್ಲಿ ಅದು ಕಣ್ಣು ಕುಕ್ಕುವಂತೆ ಹೊಳೆಯುತ್ತದೆ. ನಲವತ್ತು ವರ್ಷದಲ್ಲಿ ಆ ಹೊಳಪು ಮೆತ್ತಗಾಗಿ, ಲೋಟದ ಸುತ್ತಲಿನ ಗಾಳಿಯೂ ಚಿತ್ರದೊಳಗೆ ಬಂದಿದೆ. ಇವೆರಡನ್ನೂ ಒಂದೇ ಮಧ್ಯಾಹ್ನ ನೋಡಲು ಸಿಗುವುದು ರೆಟ್ರೋಸ್ಪೆಕ್ಟಿವ್‌ನಲ್ಲಿ.

ಇನ್ನೊಂದು, 1761ರ ಸಲೋನ್‌ನಲ್ಲಿ ತೋರಿಸಿದ ‘ಕಾಡು ಸ್ಟ್ರಾಬೆರಿ ಬುಟ್ಟಿ’. ಬುಟ್ಟಿಯಲ್ಲಿ ಗೋಪುರದ ಹಾಗೆ ಒಟ್ಟಿದ ಪುಟ್ಟ ಸ್ಟ್ರಾಬೆರಿಗಳು. ಎಡಕ್ಕೆ ಒಂದು ಗ್ಲಾಸು ನೀರು. ಮುಂದೆ ಎರಡು ಬಿಳಿ ಕಾರ್ನೇಷನ್ ಹೂ. ಬಲಕ್ಕೆ ಒಂದು ಪೀಚು, ಎರಡು ಚೆರ್ರಿ. ಒಂದೊಂದೇ ಹಣ್ಣನ್ನು ಅವನು ಬಿಡಿಸಿ ಬರೆದಿಲ್ಲ. ಇಡೀ ಗೋಪುರ ಒಂದು ಕೆಂಪು ರಾಶಿ, ಅದರ ಒಳಗಿಂದಲೇ ಬೆಚ್ಚಗೆ ಬೆಳಗುವ ಕೆಂಪು. ಈ ಚಿತ್ರ ಬಹುಕಾಲ ಖಾಸಗಿ ಸಂಗ್ರಹದಲ್ಲಿತ್ತು. 2022ರ ಮಾರ್ಚಿನಲ್ಲಿ ಪ್ಯಾರಿಸ್ಸಿನಲ್ಲಿ ಹರಾಜಿಗೆ ಬಂದಾಗ 2.4 ಕೋಟಿ ಯೂರೊ ದಾಟಿತು. ಅಮೆರಿಕಕ್ಕೆ ಹೋಗುವುದರಲ್ಲಿತ್ತು. ಫ್ರೆಂಚ್ ಸರ್ಕಾರ ಅದನ್ನು ರಾಷ್ಟ್ರೀಯ ನಿಧಿ ಎಂದು ಘೋಷಿಸಿ ಹೊರಗೆ ಹೋಗದಂತೆ ತಡೆಯಿತು, ಲೂವ್ರ್ ಹಣ ಕೂಡಿಸಲು ಹೊರಟಿತು. ದೊಡ್ಡ ಪಾಲು ಒಂದು ಕಂಪನಿಯಿಂದ ಬಂದರೂ, ಸಾವಿರಾರು ಸಾಮಾನ್ಯ ಜನ ತಮ್ಮ ಕೈಲಾದಷ್ಟು ಕೊಟ್ಟರು. 2024ರಲ್ಲಿ ಬುಟ್ಟಿ ಲೂವ್ರಿನದಾಯಿತು. 38 ಸೆಂಟಿಮೀಟರ್ ಎತ್ತರದ ಒಂದು ಹಣ್ಣಿನ ಚಿತ್ರಕ್ಕಾಗಿ ಅಷ್ಟು ಜನ ದುಡ್ಡು ಕೊಟ್ಟದ್ದು ನನಗೆ ಬಹಳ ಸಂತೋಷ ಕೊಟ್ಟ ಸುದ್ದಿ.

ಅದಕ್ಕೆ ಮುಂಚೆ ಅವನು ಪೂರ್ತಿ ಮರೆವಿಗೆ ಸಂದಿದ್ದ ಕಾಲವೂ ಇತ್ತು. ಸತ್ತ ಮೇಲೆ ಅರ್ಧ ಶತಮಾನಕ್ಕೂ ಹೆಚ್ಚು ಅವನ ಚಿತ್ರಗಳಿಗೆ ಬೆಲೆಯೇ ಇರಲಿಲ್ಲ. ಹತ್ತೊಂಬತ್ತನೇ ಶತಮಾನದ ನಡುವಿನಲ್ಲಿ ಗೊಂಕೂರ್ ಸಹೋದರರೆಂಬ ಲೇಖಕರು ಅವನ ಬಗ್ಗೆ ಬರೆದರು. ಲೂಯಿ ಲಾ ಕಾಜ್ ಎಂಬ ವೈದ್ಯ ಅಗ್ಗಕ್ಕೆ ಸಿಗುತ್ತಿದ್ದ ಕಾಲದಲ್ಲಿ ಪ್ರೀತಿಯಿಂದ ಕೂಡಿಟ್ಟ ಚಿತ್ರಗಳನ್ನು 1869ರಲ್ಲಿ ಲೂವ್ರಿಗೆ ಬಿಟ್ಟುಹೋದ. ಮುಂದೆ ಚಿತ್ರಕಾರ ಸೆಜಾನ್ ಸೇಬು ಬರೆಯುವಾಗ ಅವನ ಹಿಂದೆ ಇದ್ದದ್ದು ಈ ಶಾರ್ಡಾನ್.

ಪ್ರದರ್ಶನದ ಕೊನೆಯ ಕೋಣೆ ಪ್ಯಾಸ್ಟೆಲ್‌ಗಳದ್ದು, ಅಂದರೆ ಸೀಮೆಸುಣ್ಣದಂಥ ಬಣ್ಣದ ಕಡ್ಡಿಯಲ್ಲಿ ಬರೆದ ಚಿತ್ರಗಳದ್ದು. ಎಪ್ಪತ್ತರ ಹೊತ್ತಿಗೆ ಅವನ ಕಣ್ಣು ಕೆಟ್ಟಿತು. ತೈಲವರ್ಣದಲ್ಲಿನ ಸೀಸ ಕಾರಣ ಎಂದು ಹೇಳುತ್ತಾರೆ. ಎಣ್ಣೆ ಬಿಟ್ಟು ಪ್ಯಾಸ್ಟೆಲ್ ಹಿಡಿದ, ಮನುಷ್ಯಮುಖ ಬರೆದ. 1771ರ ಸ್ವಂತ ಭಾವಚಿತ್ರದಲ್ಲಿ ತಲೆಗೆ ಬಟ್ಟೆ ಸುತ್ತಿ, ಮೂಗಿನ ತುದಿಗೆ ಜಾರಿದ ಕನ್ನಡಕದ ಮೇಲಿಂದ ನಮ್ಮನ್ನು ನೋಡುತ್ತಾನೆ. 1775ರದ್ದರಲ್ಲಿ ಹಣೆಗೆ ಬೆಳಕು ತಡೆಯುವ ಹಸಿರು ಮರೆ ಕಟ್ಟಿಕೊಂಡಿದ್ದಾನೆ. ಕೆನ್ನೆಯ ಮೇಲೆ ಹಸಿರು, ನೀಲಿ, ಕೆಂಪಿನ ಗೀರುಗಳು ಒಂದರ ಪಕ್ಕ ಒಂದು, ಬೆರೆಸದೆ ಹಾಗೇ ಬಿಟ್ಟಿವೆ. ಐವತ್ತು ವರ್ಷ ತಾಮ್ರ, ಹಣ್ಣು, ಮೀನನ್ನು ಹೇಗೆ ನೋಡಿದನೋ ತನ್ನ ಮುಪ್ಪಿನ ಮುಖವನ್ನೂ ಹಾಗೆಯೇ ನೋಡಿದ್ದಾನೆ. ಇಡೀ ಪ್ರದರ್ಶನ ದಾಟಿ ಬಂದವರಿಗೆ ಈ ಮುಖ ಅಪರಿಚಿತ ಎನಿಸದು.

ಉಪನ್ಯಾಸ ಮುಗಿದ ಮೇಲೆ ಕೇಳಿದ ಎರಡು ಪ್ರಶ್ನೆಗಳಿಗೆ ಉತ್ತರವನ್ನೂ ಇಲ್ಲಿ ಸೇರಿಸುತ್ತೇನೆ.

ಒಬ್ಬ ತರುಣ ಕೇಳಿದರು: ಈ ಚಿತ್ರಗಳಲ್ಲಿ ಕೆಲಸದವರಿದ್ದಾರೆ, ಆದರೆ ಅವರ ಕಷ್ಟ ಎಲ್ಲಿದೆ ಸರ್? ಕೊಂಡವರು ರಾಜ ರಾಣಿಯರಲ್ಲವೇ? ನ್ಯಾಯವಾದ ಪ್ರಶ್ನೆ. ಹಸಿವು, ಹೊಡೆತ, ಸಂಬಳದ ತಗಾದೆ ಶಾರ್ಡಾನನಲ್ಲಿ ಇಲ್ಲ, ಹುಡುಕಿದರೆ ಸಿಗುವುದಿಲ್ಲ. ಅವನ ಅಡುಗೆಮನೆಗಳು ನಿಶ್ಶಬ್ದ, ಅಚ್ಚುಕಟ್ಟು. ಆ ಮಟ್ಟಿಗೆ ಅದು ಅರ್ಧ ಸತ್ಯ ಎಂದು ಒಪ್ಪುತ್ತೇನೆ. ಆದರೆ ಅದಕ್ಕೆ ಮುಂಚಿನ ಎಷ್ಟೋ ಚಿತ್ರಗಳಲ್ಲಿ ಕೆಲಸದ ಹೆಂಗಸು ಎಂದರೆ ಕುಡಿದು ಮಲಗಿದವಳು, ಇಲ್ಲವೆ ಯಜಮಾನನ ಕೈಗೆ ಸಿಕ್ಕಿ ನಗುವವಳು. ಶಾರ್ಡಾನನ ತರಕಾರಿ ಹೆರೆಯುವವಳು ಕೈ ನಿಲ್ಲಿಸಿ ಏನನ್ನೋ ಯೋಚಿಸುತ್ತಾಳೆ. ಏನನ್ನು ಎಂದು ಅವನು ಹೇಳುವುದಿಲ್ಲ, ನಮಗೆ ತಿಳಿಯುವ ದಾರಿಯೂ ಇಲ್ಲ. ಅವಳಿಗೆ ನಮಗೆ ಸಿಗದ ಒಂದು ಒಳಬದುಕು ಇದೆ ಎಂದು ಆ ಕಾಲದಲ್ಲಿ ಚಿತ್ರದಲ್ಲಿ ಒಪ್ಪಿಕೊಂಡದ್ದು ನನ್ನ ಮಟ್ಟಿಗೆ ದೊಡ್ಡ ಮಾತು.

ಇನ್ನೊಬ್ಬರು, ಮಗಳ ಮನೆಗೆಂದು ಯುರೋಪಿಗೆ ಹೊರಟಿರುವ ತಾಯಿ, ಇಂಥ ಪ್ರದರ್ಶನ ಈಗ ಇಲ್ಲದಿದ್ದರೆ ನಾವು ಏನು ಮಾಡಬೇಕು ಎಂದರು. ಲೂವ್ರಿಗೆ ಹೋದವರು ಮೋನಾಲಿಸಾ ಸಾಲಿನಲ್ಲಿ ನಿಂತು ದಣಿದು ಹೊರಗೆ ಬಂದುಬಿಡುತ್ತಾರೆ. ಹಾಗೆ ಮಾಡಬೇಡಿ ಅಮ್ಮಾ. ಸುಲ್ಲಿ ಎಂಬ ಭಾಗದ ಎರಡನೇ ಮಹಡಿಯಲ್ಲಿ ಫ್ರೆಂಚ್ ಚಿತ್ರಗಳಿವೆ, ಅಲ್ಲಿ ಜನವೂ ಕಡಿಮೆ. ಶಾರ್ಡಾನನ ಚಿತ್ರ ಅತಿ ಹೆಚ್ಚು ಇರುವ ಮ್ಯೂಸಿಯಂ ಅದೇ. ಮೊದಲು ತೊರಕೆ ಮೀನು ನೋಡಿ, ಆಮೇಲೆ ತಾಮ್ರದ ತೊಟ್ಟಿ, ಬೆನೆದಿಸಿತೆ, ಆಲಿವ್ ಜಾಡಿ, ಬೆಳ್ಳಿ ಲೋಟ. ಈ ಕ್ರಮದಲ್ಲೇ ಹೋಗಿ, ಹಿಂದೆ ಮುಂದೆ ನಡೆಯಿರಿ, ಮಧ್ಯೆ ಬೇರೆಯವರ ಚಿತ್ರ ಬಿಟ್ಟರೂ ಪರವಾಗಿಲ್ಲ. ಪ್ಯಾಸ್ಟೆಲ್‌ಗಳು ಬೆಳಕಿಗೆ ಕೆಡುವಂಥವು, ಯಾವಾಗಲೂ ತೂಗುಹಾಕಿರುವುದಿಲ್ಲ. ಹೊರಡುವ ಮುಂಚೆ ಮಗಳ ಹತ್ತಿರ ಒಂದು ಸಲ ವಿಚಾರಿಸಲು ಹೇಳಿ.